ಆರೋಗ್ಯಕ್ಕೆ ಹಾಕಿದ ದುಡ್ಡು ದೇಶಕ್ಕೆ ವಾಪಸ್ ಬರುತ್ತಾ?

ಪ್ರಶ್ನೆ: ಮೇಡಂ, ನಾನು ಗ್ರಾಮ ಪಂಚಾಯ್ತಿ ಸದಸ್ಯ. ನಮ್ಮದು ಮಳೆ ನಂಬಿದ ಸೀಮೆ. ಮಗಳು ಬಿ.ಎ.ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಬಡ ದೇಶ ಮೊದಲು ಜನರ ಆರೋಗ್ಯ ನೋಡಿಕೊಳ್ಳಬೇಕು, ಬೆಳವಣಿಗೆ ಅದರ ಹಿಂದೆ ಬರುತ್ತದೆ ಅಂತ ಅವಳ ವಾದ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ಮೊದಲು ರಸ್ತೆ, ನೀರಾವರಿ, ಫ್ಯಾಕ್ಟರಿ ಬರಲಿ, ಜನರ ಕೈಯಲ್ಲಿ ಕಾಸು ಓಡಾಡಲಿ, ಆಸ್ಪತ್ರೆ ಆಮೇಲೆ ತಾನಾಗೇ ಬರುತ್ತದೆ. ಯಾರು ಸರಿ? ಬರೀ ಮಾತು ಬೇಡ, ಸಾಕ್ಷಿ ಇದ್ದರೆ ಹೇಳಿ.

ಉತ್ತರ: ಮಗಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ನಿಮ್ಮ ಮಾತಿಗೂ ಜಾಗ ಇದೆ, ಅದಕ್ಕೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ. ಆರೋಗ್ಯ ಅಂದ ಕೂಡಲೇ ನಮಗೆ ಕಾಣುವುದು ಆಸ್ಪತ್ರೆ, ಡಾಕ್ಟರು, ಆಂಬ್ಯುಲೆನ್ಸ್. ನೀವೂ "ಆಸ್ಪತ್ರೆ ಆಮೇಲೆ ಬರುತ್ತದೆ" ಅಂತಲೇ ಬರೆದಿದ್ದೀರಿ. ಆದರೆ ದೇಶದ ದುಡಿಮೆಗೂ ಆರೋಗ್ಯಕ್ಕೂ ಇರುವ ನಂಟು ಜಾಸ್ತಿ ಆಸ್ಪತ್ರೆಯ ಹೊರಗೇ ಇದೆ. ಕುಡಿಯುವ ನೀರಿನಲ್ಲಿ, ಚರಂಡಿಯಲ್ಲಿ, ಎರಡು ವರ್ಷದೊಳಗಿನ ಮಗುವಿನ ತಟ್ಟೆಯಲ್ಲಿ, ಹೆಣ್ಣುಮಕ್ಕಳ ರಕ್ತದಲ್ಲಿ.

ಪಾಠ ಮಾಡುವಾಗ ನಾನು ರೋಗಗಳನ್ನು ಎರಡು ಗುಂಪು ಮಾಡಿಕೊಳ್ಳುತ್ತೇನೆ. ಕೊಲ್ಲುವ ರೋಗ ಒಂದು, ಕೊರೆಯುವ ರೋಗ ಇನ್ನೊಂದು. ಸಿಡುಬು, ಕಾಲರಾ, ಪ್ಲೇಗು ಬಂದರೆ ಜೀವವೇ ಹೋಗುತ್ತಿತ್ತು. ಕೊಕ್ಕೆಹುಳು, ರಕ್ತಹೀನತೆ, ಪದೇ ಪದೇ ಬರುವ ಬೇಧಿ, ಬಿಟ್ಟು ಬಿಟ್ಟು ಬರುವ ಚಳಿಜ್ವರ ಹಾಗಲ್ಲ. ಇವು ಬಂದವರಲ್ಲಿ ಸಾಯುವವರು ಕಡಿಮೆ, ಆದರೆ ಬದುಕಿರುವವರನ್ನು ವರ್ಷಗಟ್ಟಲೆ ಒಳಗಿಂದ ತಿನ್ನುತ್ತವೆ. ಎರಡನ್ನೂ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಜೀವ ಉಳಿಸೋದಕ್ಕೆ ಲಾಭ ನಷ್ಟದ ಲೆಕ್ಕ ಬೇಕಾಗಿಲ್ಲ. ಆದರೆ ನೀವು ಕೇಳಿರೋದು ಆರ್ಥಿಕ ಬೆಳವಣಿಗೆ ಬಗ್ಗೆ, ಮತ್ತು ಆ ಲೆಕ್ಕದಲ್ಲಿ ಈ ಎರಡು ಗುಂಪು ಬೇರೆ ಬೇರೆ ಥರ ಕೆಲಸ ಮಾಡುತ್ತವೆ.

2007ರಲ್ಲಿ ಡಾರನ್ ಅಸೆಮೊಗ್ಲು ಮತ್ತು ಸೈಮನ್ ಜಾನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. 2024ರ ನೊಬೆಲ್ ಹಂಚಿಕೊಂಡವರಲ್ಲಿ ಇವರೂ ಇದ್ದಾರೆ. 1940ರ ದಶಕದಿಂದ ಈಚೆಗೆ ಪೆನಿಸಿಲಿನ್, ಸೊಳ್ಳೆ ಕೊಲ್ಲುವ ಡಿಡಿಟಿ, ಹೊಸ ಲಸಿಕೆಗಳು ಬಂದು ಬಡ ದೇಶಗಳಲ್ಲಿ ಜನರ ಆಯಸ್ಸು ಒಮ್ಮೆಲೇ ಏರಿತಲ್ಲ, ಅದರಿಂದ ಆ ದೇಶಗಳ ತಲಾ ಆದಾಯ ಏನಾಯ್ತು ಅಂತ ನೋಡಿದರು. ಏರಲಿಲ್ಲ. ಆಯಸ್ಸು ಹೆಚ್ಚಿತು, ಜನಸಂಖ್ಯೆ ಹೆಚ್ಚಿತು. ಹೊಲ ಅಷ್ಟೇ, ಬಂಡವಾಳ ಅಷ್ಟೇ, ಹಂಚಿಕೊಳ್ಳುವವರು ಮಾತ್ರ ಜಾಸ್ತಿಯಾದರು. ಈ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಡೇವಿಡ್ ಬ್ಲೂಮ್ ಮತ್ತು ಡೇವಿಡ್ ಕ್ಯಾನಿಂಗ್ ಇದರ ಮೇಲೆ ಗಟ್ಟಿಯಾಗಿಯೇ ತಕರಾರು ಎತ್ತಿದ್ದಾರೆ. ಆದರೆ ನಮ್ಮ ದೇಶದ ಕತೆ ನೋಡಿದರೆ ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. 1980ರ ಹೊತ್ತಿಗೆ ಅದು 50 ದಾಟಿತ್ತು. ಇಷ್ಟು ದೊಡ್ಡ ಜಿಗಿತ ಆದ ಆ ಮೂವತ್ತು ವರ್ಷಗಳಲ್ಲೇ ತಲಾ ಆದಾಯ ಆಮೆ ನಡಿಗೆಯಲ್ಲಿತ್ತು.

ಹಾಗಾದರೆ ಮಗಳು ಸೋತಳೇ? ಇಲ್ಲ. ಬರೀ ಆಯಸ್ಸು ಅಳೆದರೆ ಕೊರೆಯುವ ರೋಗ ಲೆಕ್ಕಕ್ಕೇ ಸಿಗುವುದಿಲ್ಲ. ಅದನ್ನು ಬೇರೆಯಾಗಿ ನೋಡಿದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಕೊಕ್ಕೆಹುಳುವನ್ನೇ ತಗೊಳ್ಳಿ. ಬಯಲಿಗೆ ಹೋದ ಜಾಗದ ಒದ್ದೆ ಮಣ್ಣಿನಲ್ಲಿ ಇದರ ಮೊಟ್ಟೆ ಒಡೆಯುತ್ತದೆ. ಮರಿಹುಳು ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ರಕ್ತದ ಜೊತೆ ಶ್ವಾಸಕೋಶ ಸೇರುತ್ತದೆ, ಅಲ್ಲಿಂದ ಗಂಟಲಿಗೆ ಬಂದು ಎಂಜಲಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಕೊನೆಗೆ ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಹೀರುತ್ತಾ ಕೂರುತ್ತದೆ. ಮಗು ಸಾಯುವುದಿಲ್ಲ. ಬಿಳಿಚಿಕೊಳ್ಳುತ್ತದೆ, ಕ್ಲಾಸಿನಲ್ಲಿ ತೂಕಡಿಸುತ್ತದೆ, ದಡ್ಡ ಅಂತಲೋ ಸೋಮಾರಿ ಅಂತಲೋ ಬೈಸಿಕೊಳ್ಳುತ್ತದೆ. ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಈ ಹುಳು ಇತ್ತು. ಅಲ್ಲಿನ ಪತ್ರಿಕೆಗಳು ಇದನ್ನು ಸೋಮಾರಿತನದ ರೋಗಾಣು ಅಂತಲೇ ಕರೆದವು. 1909ರಲ್ಲಿ ಜಾನ್ ಡಿ. ರಾಕೆಫೆಲ್ಲರ್ 10 ಲಕ್ಷ ಡಾಲರ್ ಕೊಟ್ಟು ಇದರ ವಿರುದ್ಧ ಒಂದು ಆಯೋಗ ಮಾಡಿಸಿದರು. ಊರೂರಿಗೆ ಹೋಗಿ ಪರೀಕ್ಷೆ, ಔಷಧಿ, ಪಾಯಿಖಾನೆ ಕಟ್ಟಿಸುವ ಪ್ರಚಾರ ನಡೆಯಿತು. ಎಷ್ಟೋ ವರ್ಷಗಳ ನಂತರ ಹೊಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ ಹಳೇ ಜನಗಣತಿ ದಾಖಲೆ ತೆಗೆದು ನೋಡಿದಾಗ, ಹುಳು ಹೋದ ಪ್ರದೇಶಗಳಲ್ಲಿ ಮಕ್ಕಳು ಶಾಲೆಗೆ ಹೋಗುವುದು ಹೆಚ್ಚಿತ್ತು. ಬಾಲ್ಯದಲ್ಲಿ ಹುಳು ಇಟ್ಟುಕೊಂಡೇ ಬೆಳೆದವರು ದೊಡ್ಡವರಾದ ಮೇಲೆ ಶೇ. 40ರ ಹತ್ತಿರ ಕಡಿಮೆ ದುಡಿಯುತ್ತಿದ್ದರು ಅನ್ನೋದು ಅವರ ಅಂದಾಜು. ಇದರಿಂದ ಜನಸಂಖ್ಯೆ ಏನೂ ಏರಲಿಲ್ಲ, ಯಾಕಂದ್ರೆ ಈ ಹುಳು ಮೊದಲೂ ಅಷ್ಟಾಗಿ ಕೊಲ್ಲುತ್ತಿರಲಿಲ್ಲ. ಇದ್ದ ಜನರೇ ಗಟ್ಟಿಯಾದರು, ಅಷ್ಟೇ.

ಕೀನ್ಯಾದ ಬುಸಿಯಾ ಜಿಲ್ಲೆಯಲ್ಲಿ 1998ರಿಂದ 75 ಶಾಲೆಗಳಲ್ಲಿ ಹೀಗೇ ಜಂತುಹುಳು ಮಾತ್ರೆ ಕೊಟ್ಟು ನೋಡಿದರು. ಶಾಲೆ ತಪ್ಪಿಸುವುದು ಕಾಲು ಭಾಗ ಇಳಿಯಿತು. ಇಪ್ಪತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಹೆಚ್ಚು ವರ್ಷ ಮಾತ್ರೆ ಸಿಕ್ಕವರ ಗಂಟೆಯ ದುಡಿಮೆ ಶೇ. 13ರಷ್ಟು ಜಾಸ್ತಿ ಇತ್ತು. ಈ ಅಧ್ಯಯನದ ಬಗ್ಗೆ ವೈದ್ಯರಿಗೂ ಅರ್ಥಶಾಸ್ತ್ರಜ್ಞರಿಗೂ ದೊಡ್ಡ ಜಗಳವೇ ನಡೆದಿದೆ. ಎಲ್ಲ ಮಕ್ಕಳಿಗೂ ಒಟ್ಟಿಗೆ ಮಾತ್ರೆ ನುಂಗಿಸಿದರೆ ತೂಕ, ಎತ್ತರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ ಅಂತ ವೈದ್ಯಕೀಯ ಪರಿಶೀಲನೆಗಳು ಹೇಳುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಹುಳು ಜಾಸ್ತಿ ಇರುವ ಕಡೆ ಇದು ಖಂಡಿತ ಕೆಲಸ ಮಾಡುತ್ತದೆ, ಕಡಿಮೆ ಇರುವ ಕಡೆ ಪವಾಡ ಕಾಯಬಾರದು. ಮಾತ್ರೆಯ ಖರ್ಚು ತೀರಾ ಕಡಿಮೆ ಆಗಿರೋದರಿಂದ ಕೊಡೋದರಲ್ಲಿ ನಷ್ಟ ಇಲ್ಲ. ನಿಮ್ಮೂರ ಶಾಲೆ, ಅಂಗನವಾಡಿಯಲ್ಲಿ ಕೊಡುವ ಚೀಪುವ ಅಲ್ಬೆಂಡಜೋಲ್ ಮಾತ್ರೆ ಇದೇ.

ಇನ್ನು ರಕ್ತಹೀನತೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ನಮ್ಮ ದೇಶದಲ್ಲಿ ಇಷ್ಟು ಜನರನ್ನು ಕೊರೆಯುತ್ತಿರುವ ಇನ್ನೊಂದು ರೋಗ ಸಿಗುವುದು ಕಷ್ಟ. ರಾಮನಗರ, ಮದ್ದೂರು ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಬೆಳಗಾಗುವ ಮೊದಲೇ ಎದ್ದು ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು, ತಾನು ಒಂದು ಲೋಟ ಟೀ ಕುಡಿದು ಕಂಪನಿ ಬಸ್ ಹತ್ತುತ್ತಾರೆ. ಒಳಗೆ ಒಂದು ಲೈನಿನಲ್ಲಿ ಒಬ್ಬಳು ಕಾಲರ್ ಹೊಲಿದರೆ ಇನ್ನೊಬ್ಬಳು ತೋಳು ಕೂರಿಸುತ್ತಾಳೆ, ಮತ್ತೊಬ್ಬಳು ಜೇಬು. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ, ಎಷ್ಟಾಯ್ತು ಅಂತ ಬೋರ್ಡಿನಲ್ಲಿ ಬರೆಯುತ್ತಾರೆ. ತೋಳು ಕೂರಿಸುವವಳ ಹಿಮೋಗ್ಲೋಬಿನ್ 8 ಇದೆ ಅಂದುಕೊಳ್ಳಿ. ಹೆಂಗಸರಿಗೆ ಕನಿಷ್ಠ 12 ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಲೆ ಸುತ್ತುತ್ತದೆ, ಕೈ ನಿಧಾನವಾಗುತ್ತದೆ, ಅವಳ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ. ಅವಳಾಚೆ ಕೂತವಳಿಗೆ ಹೊಲಿಯಲು ಪೀಸೇ ಇಲ್ಲ. ಸೂಪರ್‌ವೈಸರ್ ಕೂಗುತ್ತಾನೆ. ಒಬ್ಬಳ ರಕ್ತ ಕಡಿಮೆಯಾದರೆ ಇಡೀ ಲೈನ್ ಹಿಂದೆ ಬೀಳುತ್ತದೆ. ಆದರೆ ಅದು ಯಾವ ರಿಜಿಸ್ಟರಿನಲ್ಲೂ ಕಾಯಿಲೆ ಅಂತ ದಾಖಲಾಗುವುದಿಲ್ಲ, ಟಾರ್ಗೆಟ್ ಆಗಲಿಲ್ಲ ಅಂತ ಮಾತ್ರ ದಾಖಲಾಗುತ್ತದೆ.

1970ರ ದಶಕದಲ್ಲಿ ಇಂಡೊನೇಷ್ಯಾದ ರಬ್ಬರ್ ತೋಟಗಳಲ್ಲಿ ಇದನ್ನು ಅಳೆದಿದ್ದಾರೆ. ಅಲ್ಲಿ ಕೂಲಿ, ತಂದ ರಬ್ಬರ್ ಹಾಲಿನ ತೂಕದ ಮೇಲೆ. ರಕ್ತ ಕಡಿಮೆ ಇದ್ದವರು ಉಳಿದವರಿಗಿಂತ ಕಡಿಮೆ ಹಾಲು ತರುತ್ತಿದ್ದರು. 60 ದಿನ ಕಬ್ಬಿಣದ ಮಾತ್ರೆ ಕೊಟ್ಟಾಗ ಅವರ ದುಡಿಮೆ ಉಳಿದವರ ಸಮಕ್ಕೆ ಬಂತು. ಹೊಸ ಯಂತ್ರ ತರಲಿಲ್ಲ, ತರಬೇತಿ ಕೊಡಲಿಲ್ಲ. ಎರಡು ತಿಂಗಳ ಮಾತ್ರೆ, ಅಷ್ಟೇ.

ಈಗ ನಮ್ಮ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ. 53. 2019-21ರಲ್ಲಿ ಶೇ. 57. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 58.6 ಇದ್ದದ್ದು 67.1ಕ್ಕೆ ಹೋಯಿತು. ಈ ಅವಧಿಯಲ್ಲಿ ರಸ್ತೆ ಆದವು, ಕರೆಂಟು ಬಂತು, ಮೊಬೈಲು ಬಂತು, ಕೋವಿಡ್ ಬರುವವರೆಗೆ ದೇಶದ ಆದಾಯವೂ ಏರುತ್ತಲೇ ಇತ್ತು. ರಕ್ತ ಮಾತ್ರ ಏರಲಿಲ್ಲ. "ಕಾಸು ಬಂದರೆ ಆರೋಗ್ಯ ತಾನಾಗೇ ಬರುತ್ತದೆ" ಅನ್ನುವ ನಿಮ್ಮ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ಮಾತ್ರೆ ಇಲ್ಲ ಅಂತಲ್ಲ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ, ಬಸುರಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ ಉಚಿತವಾಗಿ ಸಿಗುತ್ತದೆ. ನುಂಗುವುದಿಲ್ಲ. ನುಂಗಿದರೆ ವಾಕರಿಕೆ, ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು. ಇದು ಸಹಜ, ಹೆದರಬೇಡಿ ಅಂತ ಮೊದಲೇ ಕೂತು ಹೇಳುವವರು ಬೇಕು. ಊಟದ ಜೊತೆ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುತ್ತದೆ ಅಂತ ಹೇಳಿಕೊಡಬೇಕು. ಆ ಕೆಲಸ ಆಶಾ ಕಾರ್ಯಕರ್ತೆ ಮಾಡುತ್ತಾಳೆ, ಮತ್ತು ಅವಳಿಗೆ ನಾವು ಸಂಬಳ ಕೊಡದೆ ಗೌರವಧನ ಕೊಡುತ್ತೇವೆ. ದೇಶದ ದುಡಿಮೆಯನ್ನು ನಿಜವಾಗಿ ಹೆಚ್ಚಿಸಬಲ್ಲ ಕೆಲಸಕ್ಕೆ ನಾವು ಕೊಡುವ ಬೆಲೆ ಇಷ್ಟು. ಇದು ನನಗೆ ಬಹಳ ಬೇಜಾರಿನ ವಿಷಯ.

ಮಕ್ಕಳ ವಿಷಯ ಇನ್ನೂ ಗಂಭೀರ, ಯಾಕಂದ್ರೆ ದೊಡ್ಡವರ ರಕ್ತವನ್ನು ಎರಡು ತಿಂಗಳಲ್ಲಿ ಸರಿಮಾಡಬಹುದು, ಮಗುವಿನ ಮೊದಲ ಎರಡು ಮೂರು ವರ್ಷ ತಪ್ಪಿದರೆ ಮತ್ತೆ ಸಿಗುವುದಿಲ್ಲ. 1969ರಿಂದ 1977ರವರೆಗೆ ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ಹಾಲಿನ ಪುಡಿ, ಪ್ರೊಟೀನ್ ಸೇರಿಸಿದ ಬಿಸಿ ಗಂಜಿ ಕೊಟ್ಟರು, ಅಲ್ಲಿ ಅದಕ್ಕೆ ಆಟೋಲೆ ಅನ್ನುತ್ತಾರೆ. ಇನ್ನೆರಡು ಹಳ್ಳಿಗಳಲ್ಲಿ ಪ್ರೊಟೀನ್ ಇಲ್ಲದ ಸಿಹಿ ಪಾನಕ. ಬೇಕಾದವರು ಬಂದು ಕುಡಿಯಬಹುದಿತ್ತು. ಮೂವತ್ತು ಚಿಲ್ಲರೆ ವರ್ಷದ ನಂತರ ಆ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ ಮತ್ತೆ ಹೋಗಿ ನೋಡಿದರು. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಗಂಜಿ ಸಿಕ್ಕ ಗಂಡಸರ ಗಂಟೆಯ ಕೂಲಿ ಶೇ. 46ರಷ್ಟು ಜಾಸ್ತಿ ಇತ್ತು. ಮೂರು ವರ್ಷದ ನಂತರ ಶುರುಮಾಡಿದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹೆಂಗಸರ ಕೂಲಿಯಲ್ಲೂ ಕಾಣಲಿಲ್ಲ. ಹಳ್ಳಿಗಳು ನಾಲ್ಕೇ ಅಂತ ನೆನಪಿಟ್ಟುಕೊಂಡೇ ಇದನ್ನು ಓದಬೇಕು, ಆದರೂ ಇಷ್ಟು ದೀರ್ಘಕಾಲ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ ಸಿಗೋದು ಅಪರೂಪ.

ನಮ್ಮ ಅಂಗನವಾಡಿ ಇದೇ ಆಲೋಚನೆಯಲ್ಲಿ ಹುಟ್ಟಿದ್ದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ಆದರೆ ಇಲ್ಲೊಂದು ತೊಡಕಿದೆ. ಅಂಗನವಾಡಿಗೆ ಬಂದು ಕೂತು ಉಣ್ಣುವುದು ಮೂರು ವರ್ಷ ತುಂಬಿದ ಮಕ್ಕಳು. ಮುಖ್ಯವಾದ ಕಾಲ ಅದಕ್ಕಿಂತ ಮೊದಲಿನದು, ಮಗು ಇನ್ನೂ ಹೊಟ್ಟೆಯಲ್ಲಿರುವಾಗಿನಿಂದ ಎರಡು ವರ್ಷದವರೆಗೆ. ಆಗ ಮಗು ಮನೆಯಲ್ಲಿರುತ್ತದೆ, ಮನೆಗೆ ಕೊಟ್ಟ ಪೌಷ್ಟಿಕ ಆಹಾರದ ಪ್ಯಾಕೆಟ್ಟು ಎಲ್ಲರ ಹೊಟ್ಟೆಗೂ ಹೋಗುತ್ತದೆ. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಹಾಕುವುದು ಈ ಕಾರಣಕ್ಕೆ ಸರಿಯಾದ ದಾರಿ. ಆದರೆ ಬಾಣಂತಿ ಮಗು ಎತ್ತಿಕೊಂಡು ದಿನಾ ಅಷ್ಟು ದೂರ ನಡೆದು ಬರಬೇಕು ಅನ್ನೋದನ್ನೂ ನಾವು ಯೋಚಿಸಬೇಕಲ್ವಾ.

2019-21ರ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ. 35.5. ಕರ್ನಾಟಕದಲ್ಲಿ ಶೇ. 35.4. ನಮ್ಮ ರಾಜ್ಯದ ತಲಾ ಆದಾಯ ದೇಶದ ಸರಾಸರಿಗಿಂತ ಎಷ್ಟೋ ಮೇಲಿದೆ. ಆದರೂ ಮಕ್ಕಳ ಎತ್ತರದಲ್ಲಿ ನಾವು ಸರಾಸರಿಯಲ್ಲೇ ಇದ್ದೇವೆ. ಬೆಂಗಳೂರಿನ ಐಟಿ ದುಡ್ಡು ರಾಯಚೂರು, ಯಾದಗಿರಿಯ ಕೂಸಿನ ತಟ್ಟೆಗೆ ತಾನಾಗೇ ಹರಿದು ಬಂದಿಲ್ಲ.

ಎತ್ತರ ಯಾಕೆ ಕುಗ್ಗುತ್ತದೆ? ಊಟ ಸಾಲದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಕೊಳೆ ನೀರು ಕುಡಿದು ತಿಂಗಳಿಗೊಮ್ಮೆ ಬೇಧಿ ಆಗುವ ಮಗುವಿನ ಕರುಳು ಹಾಳಾಗಿ, ತಿಂದದ್ದು ಮೈಗೆ ಹತ್ತುವುದೇ ಇಲ್ಲ. ನೀರೂ ಆಹಾರದ ಭಾಗವೇ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂದಾಗ, ಕೆಲವು ದಿನಕ್ಕೊಮ್ಮೆ ಮಾತ್ರ ನೀರು ಬರುವ ವಾರ್ಡುಗಳ ಜೊತೆ ಹೋಲಿಸಿ ಸಂಶೋಧಕರು ನೋಡಿದರು. ಚಿಕ್ಕ ಮಕ್ಕಳ ಸಾಮಾನ್ಯ ಬೇಧಿಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಟೈಫಾಯ್ಡ್ ಬಂದ ಮನೆಗಳು ಸುಮಾರು ಶೇ. 40ರಷ್ಟು ಕಡಿಮೆ ಇದ್ದವು, ಬಡ ಮನೆಗಳಲ್ಲಿ ರಕ್ತಬೇಧಿಯೂ ಕಡಿಮೆ ಇತ್ತು. ಟೈಫಾಯ್ಡ್ ಅಂದರೆ ಕೂಲಿ ಮಾಡುವವನಿಗೆ ಎರಡು ಮೂರು ವಾರದ ಸಂಪಾದನೆ ಖೋತಾ, ಮೇಲೆ ಡ್ರಿಪ್ಪು, ಇಂಜೆಕ್ಷನ್ನಿನ ಬಿಲ್ಲು. ಸರದಿ ಪ್ರಕಾರ ನೀರು ಬಿಡುವ ಕಡೆ ಏನಾಗುತ್ತದೆ ಗೊತ್ತಾ? ನೀರು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗುತ್ತದೆ, ಒಡಕಿದ್ದ ಕಡೆ ಹೊರಗಿನ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ, ಮತ್ತೆ ನೀರು ಬಿಟ್ಟಾಗ ಅದು ಮೊದಲ ಕೊಡಕ್ಕೇ ಬರುತ್ತದೆ.

ನೀರಾವರಿ ಮೊದಲು ಅಂದಿರಿ. ಅದಕ್ಕೆ ಮಂಡ್ಯದ್ದೇ ಉದಾಹರಣೆ ಕೊಡುತ್ತೇನೆ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ಕಾಲುವೆಯಲ್ಲಿ ಹರಿದು ಬಂತು, ಈಗ ಅದು ವಿಶ್ವೇಶ್ವರಯ್ಯ ಕಾಲುವೆ. ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು, ಬರದ ಸೀಮೆ ಹಸಿರಾಯಿತು. ಜೊತೆಗೇ ಮಲೇರಿಯಾ ಬಂತು. ನಿಂತ ನೀರಿನಲ್ಲಿ ಸೊಳ್ಳೆ ಬೆಳೆದು ಊರಿಗೆ ಊರೇ ನಡುಗಿ ಮಲಗುವ ಸ್ಥಿತಿ ಆಯಿತು. ಮೈಸೂರು ಸಂಸ್ಥಾನ ರಾಕೆಫೆಲ್ಲರ್ ಪ್ರತಿಷ್ಠಾನದ ತಜ್ಞರನ್ನು ಇಟ್ಟುಕೊಂಡು ಮಲೇರಿಯಾ ಕೆಲಸಕ್ಕೆ ಇಳಿದಿದ್ದು ಆ ಕಾಲದಲ್ಲೇ. ಮಲೆನಾಡಿನ ಕತೆಯೂ ಹಾಗೇ. ಅಡಿಕೆ, ಭತ್ತ, ಕಾಫಿ ಎಲ್ಲ ಬೆಳೆಯುವ ನೆಲ, ಆದರೆ ಚಳಿಜ್ವರಕ್ಕೆ ಜನ ನಿಲ್ಲುತ್ತಿರಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ತಾಲ್ಲೂಕುಗಳ ಜನಸಂಖ್ಯೆ ಕುಗ್ಗಿದ್ದು ಸಂಸ್ಥಾನದ ಜನಗಣತಿಯಲ್ಲೇ ದಾಖಲಾಗಿದೆ. ಹೊಟ್ಟೆಯಲ್ಲಿ ಜ್ವರಗಡ್ಡೆ, ಅಂದರೆ ಮಲೇರಿಯಾದಿಂದ ಊದಿದ ಗುಲ್ಮ, ಬೆಳೆದ ಮಕ್ಕಳು ಅಲ್ಲಿ ಮನೆಮನೆಯಲ್ಲಿದ್ದರು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಮನೆಮನೆಗೆ ಡಿಡಿಟಿ ಹೊಡೆದು, 1960ರ ದಶಕದ ನಡುವೆ ಪ್ರಕರಣ ಸುಮಾರು 1 ಲಕ್ಷಕ್ಕೆ ಇಳಿಯಿತು. ಆಮೇಲೆ ಗೆದ್ದೆವು ಅಂತ ಕೈ ಬಿಟ್ಟರು. ದುಡ್ಡು ಕಡಿಮೆಯಾಯಿತು, ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣ. ಆ ಮೊದಲ ಅಲೆಯಲ್ಲಿ ಮಲೇರಿಯಾ ಹೋದ ಪ್ರದೇಶಗಳಲ್ಲಿ ಬೆಳೆದ ಗಂಡಸರು ಮುಂದೆ ಸ್ವಲ್ಪ ಚೆನ್ನಾಗಿ ದುಡಿದು ಖರ್ಚು ಮಾಡುವಂತಾದರು ಅಂತ ಡೇವಿಡ್ ಕಟ್ಲರ್, ಮೈಕಲ್ ಕ್ರೆಮರ್ ಮುಂತಾದವರು 2010ರಲ್ಲಿ ಲೆಕ್ಕ ತೋರಿಸಿದರು. ಲಾಭ ಇತ್ತು, ಭಾರೀ ಅಲ್ಲ, ಶಾಲೆ ಓದಿನಲ್ಲಿ ಹೆಚ್ಚಳ ಕಾಣಲಿಲ್ಲ. ಮಲೇರಿಯಾ ಹೋದ ತಕ್ಷಣ ಊರು ಶ್ರೀಮಂತ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೊಳ್ಳೆ, ನೀರು, ಲಸಿಕೆ ಇವನ್ನು ಒಬ್ಬೊಬ್ಬರೇ ದುಡ್ಡು ಕೊಟ್ಟು ಕೊಂಡುಕೊಳ್ಳಲು ಆಗುವುದಿಲ್ಲ ಅನ್ನೋದು ಇಲ್ಲಿ ಮುಖ್ಯ. ನೀವು ಮನೆಗೆ ಪರದೆ ಹಾಕಿಸಿದರೂ ಪಕ್ಕದ ಗುಂಡಿಯ ಸೊಳ್ಳೆ ನಿಮ್ಮ ಮಗಳನ್ನು ಕಚ್ಚುತ್ತದೆ. 1994ರಲ್ಲಿ ಸೂರತ್‌ನಲ್ಲಿ ಆಗಿದ್ದು ಇದೇ. ವಜ್ರ, ಬಟ್ಟೆಯಲ್ಲಿ ದುಡ್ಡು ಸುರಿಯುವ ಊರು, ಕಸ ಮತ್ತು ಚರಂಡಿ ಮಾತ್ರ ಕೇಳುವವರಿಲ್ಲ. ಸೆಪ್ಟೆಂಬರಿನಲ್ಲಿ ಪ್ಲೇಗು ಅಂತ ಸುದ್ದಿ ಬಂತು. ಸತ್ತವರು ಐವತ್ತರ ಆಸುಪಾಸು, ಆದರೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಕಾರ್ಮಿಕರು ರೈಲು ಹತ್ತಿ ಓಡಿದರು. ಕಾರ್ಖಾನೆ ನಿಂತವು, ಹೊರದೇಶಗಳು ಭಾರತಕ್ಕೆ ವಿಮಾನ ನಿಲ್ಲಿಸಿದವು, ಸರಕು ಬೇಡ ಅಂದವು. ಕಸ ಎತ್ತಲು ಉಳಿಸಿದ ದುಡ್ಡಿಗೆ ಇಡೀ ದೇಶ ದಂಡ ಕಟ್ಟಿತು. ಮರುವರ್ಷ ಎಸ್.ಆರ್. ರಾವ್ ಎಂಬ ಅಧಿಕಾರಿ ಪಾಲಿಕೆ ಆಯುಕ್ತರಾಗಿ ಬಂದು, ಅದೇ ಪಾಲಿಕೆಯನ್ನು, ಅದೇ ಪೌರಕಾರ್ಮಿಕರನ್ನು ಇಟ್ಟುಕೊಂಡು ಊರನ್ನು ದೇಶದ ಶುಚಿಯಾದ ನಗರಗಳ ಸಾಲಿಗೆ ತಂದರು. 2020-21ರಲ್ಲಿ ಕೋವಿಡ್‌ನಿಂದ ದೇಶದ ಜಿಡಿಪಿ ಶೇ. 5.8ರಷ್ಟು ಕುಸಿದದ್ದು ನಿಮಗೂ ನೆನಪಿದೆ, ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆಸ್ಪತ್ರೆ ಬಿಲ್ಲಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ಕೂಡಿಟ್ಟ ದುಡ್ಡು, ಆಮೇಲೆ ಸಂಘದ ಸಾಲ, ಆಮೇಲೆ ಎಮ್ಮೆ, ಕಿವಿ ಓಲೆ, ಕೊನೆಗೆ ಹೊಲ. ಅನಿರುದ್ಧ ಕೃಷ್ಣ ಎಂಬ ಸಂಶೋಧಕರು ರಾಜಸ್ಥಾನ, ಗುಜರಾತ್, ಆಂಧ್ರದ ಹಳ್ಳಿಗಳಲ್ಲಿ ಬಡತನಕ್ಕೆ ಜಾರಿದ ಮನೆಗಳನ್ನು ಹುಡುಕಿ ಕಾರಣ ಕೇಳಿದಾಗ, ಬೆಳೆ ಹೋದದ್ದಕ್ಕಿಂತ, ಮದುವೆ ಸಾಲಕ್ಕಿಂತ ಮೇಲೆ ಬಂದದ್ದು ಕಾಯಿಲೆ ಮತ್ತು ಅದರ ಖರ್ಚು. 2013-14ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ. 64 ಜನರ ಜೇಬಿನಿಂದಲೇ ಹೋಗುತ್ತಿತ್ತು. 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ, ಇದು ಒಳ್ಳೆಯ ಸುದ್ದಿ. ನಮ್ಮದೇ ಉತ್ತರ ಕರ್ನಾಟಕದಲ್ಲಿ 2010ರಲ್ಲಿ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಎಂಬ ಉಚಿತ ಚಿಕಿತ್ಸೆಯ ಯೋಜನೆ ಬಂದಾಗ, ಯೋಜನೆ ಇದ್ದ ಕಡೆಯ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದರು. ಯೋಜನೆ ಇದ್ದ ಕಡೆ ಆಸ್ಪತ್ರೆಗೆ ಜೇಬಿನಿಂದ ಹೋಗುವ ಖರ್ಚು ಶೇ. 34ರಷ್ಟು ಕಡಿಮೆ ಇತ್ತು. ಯೋಜನೆಗೆ ಒಳಪಟ್ಟ ಹೃದಯ, ಕ್ಯಾನ್ಸರಿನಂಥ ಕಾಯಿಲೆಗಳಿಂದ ಸತ್ತವರೂ ಕಡಿಮೆ. ಬಿಲ್ಲಿನ ಭಯ ಇರುವ ರೈತ ಹೊಸ ಬೆಳೆಗೆ ಕೈ ಹಾಕುವುದಿಲ್ಲ, ಅಂಗಡಿ ಇಡುವುದಿಲ್ಲ, ಮಗಳನ್ನು ಡಿಗ್ರಿಗೆ ಕಳಿಸುವ ಮೊದಲು ಹತ್ತು ಸಲ ಯೋಚಿಸುತ್ತಾನೆ. ಬೆಳವಣಿಗೆ ನಿಲ್ಲುವುದು ಅಲ್ಲಿ.

ಈಗ ನಿಮ್ಮ ಪಾಲಿನ ನಿಜ. ಆರೋಗ್ಯ ಒಂದೇ ಇದ್ದರೆ ಊಟ ಬರುವುದಿಲ್ಲ. ಕೇರಳ ದೇಶದಲ್ಲೇ ಮೊದಲು ಮಕ್ಕಳ ಸಾವನ್ನು ತಗ್ಗಿಸಿತು, ಎಲ್ಲರಿಗೂ ಓದು ಕಲಿಸಿತು, ಆದರೂ 1980ರ ದಶಕದವರೆಗೆ ಅಲ್ಲಿ ಕೆಲಸ ಇರಲಿಲ್ಲ. ಜನ ಕೊಲ್ಲಿ ದೇಶಗಳಿಗೆ ಹೋದರು. ಅಲ್ಲಿ ದುಡಿಯಲು ಅವರ ಮೈಯಲ್ಲಿ ಶಕ್ತಿ, ಕೈಯಲ್ಲಿ ಸರ್ಟಿಫಿಕೇಟು ಇದ್ದದ್ದು ಮೊದಲಿನ ಖರ್ಚಿನ ಫಲ, ಆದರೆ ಕೆಲಸ ಬೇರೆ ಕಡೆ ಸಿಗಬೇಕಾಯಿತು. ಚೀನಾ ಇನ್ನೊಂದು ಥರ. 1978ರಲ್ಲಿ ಮಾರುಕಟ್ಟೆ ತೆರೆಯುವ ಮೊದಲೇ ಹಳ್ಳಿಹಳ್ಳಿಯಲ್ಲಿ ಬರಿಗಾಲ ವೈದ್ಯರು, ಲಸಿಕೆ, ಶುಚಿತ್ವದಿಂದ ಆಯಸ್ಸು 60 ದಾಟಿತ್ತು. ಕಾರ್ಖಾನೆ ಬಂದಾಗ ನಿಂತು ದುಡಿಯುವ, ಓದಲು ಬರುವ ಜನ ಸಿದ್ಧ ಇದ್ದರು. ಅಂದರೆ ಎರಡೂ ಬೇಕು. ಆದರೆ ಒಂದು ವ್ಯತ್ಯಾಸ ಇದೆ. ಈ ವರ್ಷ ರಸ್ತೆ ಆಗದಿದ್ದರೆ ಐದು ವರ್ಷ ಬಿಟ್ಟು ಮಾಡಬಹುದು. ಈಗ ಒಂದು ವರ್ಷದ ಮಗುವಿಗೆ ಐದು ವರ್ಷ ಬಿಟ್ಟು ಮಾಡಲು ಏನೂ ಉಳಿದಿರುವುದಿಲ್ಲ.

ಶ್ರೀಮಂತ ಆಗುವವರೆಗೆ ಕಾಯಬೇಕಾಗಿಲ್ಲ ಅನ್ನೋದಕ್ಕೆ ಬಾಂಗ್ಲಾದೇಶ ನೋಡಿ. 1980ರ ದಶಕದಲ್ಲಿ ಬ್ರ್ಯಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ನಡೆದು ಹೋಗಿ, ತಾಯಂದಿರನ್ನು ಕೂರಿಸಿಕೊಂಡು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅಳತೆಯ ನೀರು ಹಾಕಿ ಬೇಧಿಗೆ ಮದ್ದು ಮಾಡುವುದನ್ನು ಕೈ ಹಿಡಿದು ಕಲಿಸಿದರು. ಬರೀ ಹೇಳಿ ಬರಲಿಲ್ಲ, ಆ ತಾಯಿ ಕೈಯಲ್ಲೇ ಮಾಡಿಸಿ ನೋಡಿದರು. ನಮಗಿಂತ ಬಡ ದೇಶವಾಗಿದ್ದಾಗಲೇ ಮಕ್ಕಳನ್ನು ಉಳಿಸಿಕೊಳ್ಳುವುದರಲ್ಲಿ ಅವರು ನಮ್ಮನ್ನು ದಾಟಿದರು.

ನಮ್ಮ ಸರ್ಕಾರಗಳು, ಕೇಂದ್ರ ರಾಜ್ಯ ಎಲ್ಲ ಸೇರಿ, ಆರೋಗ್ಯಕ್ಕೆ ಖರ್ಚು ಮಾಡಿದ್ದು 2014-15ರಲ್ಲಿ ಜಿಡಿಪಿಯ ಶೇ. 1.13, 2021-22ರಲ್ಲಿ ಶೇ. 1.84. 2025ರೊಳಗೆ ಶೇ. 2.5 ಮಾಡುತ್ತೇವೆ ಅಂತ 2017ರ ಆರೋಗ್ಯ ನೀತಿಯಲ್ಲಿ ಬರೆದುಕೊಂಡಿದ್ದೆವು. ಹಣ ಹೆಚ್ಚಬೇಕು, ನಿಜ. ಆದರೆ ಹೆಚ್ಚಿದ ಹಣವೆಲ್ಲ ದೊಡ್ಡ ಆಸ್ಪತ್ರೆ ಕಟ್ಟಡಕ್ಕೇ ಹೋದರೆ ಕೊರೆಯುವ ರೋಗ ಕೊರೆಯುತ್ತಲೇ ಇರುತ್ತದೆ. ಈಗ ಆ ಗುಂಪಿಗೆ ಹೊಸದೊಂದು ಸೇರಿದೆ, ಸಕ್ಕರೆ ಕಾಯಿಲೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿ ಜನರಿಗೆ ಇದೆ. ದುಡಿಯುವ ವಯಸ್ಸಿನಲ್ಲೇ ಕಾಲು, ಕಣ್ಣು, ಕಿಡ್ನಿ ತಿನ್ನುತ್ತದೆ. ಇದನ್ನೂ ಹಿಡಿಯಬೇಕಾದ್ದು ನಿಮ್ಮ ಉಪಕೇಂದ್ರದಲ್ಲಿ, ಬೆರಳು ಚುಚ್ಚಿ ನೋಡುವ ಪರೀಕ್ಷೆಯಲ್ಲಿ.

ಪಂಚಾಯ್ತಿ ಸದಸ್ಯರಾಗಿ ನಿಮ್ಮ ಕೈಯಲ್ಲೇ ಇರುವ ಕೆಲಸ ಹೇಳಿ ಮುಗಿಸುತ್ತೇನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಒಂದಿದೆ, ಅದರ ಅಧ್ಯಕ್ಷತೆ ಪಂಚಾಯ್ತಿ ಸದಸ್ಯರದ್ದು. ಎಷ್ಟೋ ಕಡೆ ಅದು ಪುಸ್ತಕದಲ್ಲಿ ಮಾತ್ರ ಸಭೆ ಸೇರುತ್ತದೆ. ನಿಜವಾಗಿ ಸೇರಿಸಿ. ಅಂಗನವಾಡಿಯ ತೂಕದ ದಾಖಲೆ ತರಿಸಿ, ಎರಡು ವರ್ಷದೊಳಗಿನ ಯಾವ ಮಗುವಿನ ತೂಕ ಸತತವಾಗಿ ಏರಿಲ್ಲ ನೋಡಿ, ಆ ಮನೆಗೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆ ಇಬ್ಬರೂ ಹೋಗಲಿ. ಹೆಸರು ಸಭೆಯಲ್ಲಿ ಕೂಗಬೇಡಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಲ್ಲೂ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಕೇಳಿ. ನಿಮ್ಮದು ಬೋರ್‌ವೆಲ್ ಊರಾದರೆ ಫ್ಲೋರೈಡ್ ನೋಡಿಸಲೇಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಬೇಡ. ಕೊನೆಯ ನಲ್ಲಿಯಲ್ಲೂ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು ಅಂದರೆ ಸಾಲದು.

ಇನ್ನೊಂದು. ವಾಟರ್‌ಮನ್ ಜೊತೆ ಒಂದು ಸುತ್ತು ನಡೆಯಿರಿ. ನಲ್ಲಿ ಪೈಪು ಚರಂಡಿ ಒಳಗೆ ಹಾದುಹೋಗುವ ಜಾಗಗಳನ್ನೆಲ್ಲ ಬರೆದುಕೊಳ್ಳಿ, ಪ್ರತಿ ಊರಲ್ಲೂ ಇರುತ್ತವೆ. ಈ ವರ್ಷದ ಕ್ರಿಯಾಯೋಜನೆಯಲ್ಲಿ ಆ ಪೈಪುಗಳನ್ನು ಮೇಲೆತ್ತಿಸುವ ಕೆಲಸ ಮೊದಲು ಸೇರಿಸಿ, ಸಿಸಿ ರಸ್ತೆ ಅದರ ನಂತರ ಬರಲಿ. ಕಾಂಕ್ರೀಟ್ ಬಿದ್ದ ಮೇಲೆ ಪೈಪಿಗೋಸ್ಕರ ಮತ್ತೆ ಅಗೆಯಲು ಯಾರೂ ಒಪ್ಪುವುದಿಲ್ಲ.